ತಪ್ಪು

ಕೌಲ್ ಬಜಾರಿನ ನಮ್ಮ ಶೆಡ್ಡಿನಲ್ಲಿ
ದಿನಕ್ಕೆ ಆರುನೂರು ಪ್ಯಾಂಟು ನನ್ನ ಕೈ ದಾಟುತ್ತವೆ.
ಒಳಮಗ್ಗುಲು, ಜೇಬು, ಕಾಜ, ಸೊಂಟಪಟ್ಟಿ.
ನೀಲಿಯ ಮೇಲೆ ನೀಲಿ ನೂಲು ಹಾರಿದ್ದರೆ
ಸೀಮೆಸುಣ್ಣದ ಒಂದು ಸುತ್ತು.
ಹದಿನೇಳು ವರ್ಷದಿಂದ ಉಗುರಿನ ಸಂದು ನೀಲಿ.

ಅಕ್ಕನ ಮಗಳು ತಾಯಮ್ಮ
ಕಾಲೇಜಿನ ಲ್ಯಾಪ್‌ಟಾಪು ಹೊತ್ತು ಬಂದಳು.
ಗಾದಿಲಿಂಗಪ್ಪ ಮೇಷ್ಟ್ರು ಕೊಟ್ಟ ಕೆಲಸ:
ಯಾವುದೋ ಸಮುದ್ರದ ನಡುವಿನ ಬೆಟ್ಟದಲ್ಲಿ
ದುರ್ಬೀನು ತೆಗೆದ ನಾಕು ಚಿತ್ರ,
ಕಾಲುಗಂಟೆಗೊಂದು.
ಒಂದರ ಮೇಲೊಂದಿಟ್ಟು ಮಿಟುಕಿಸಬೇಕು.
ನಕ್ಷತ್ರ ಕೂತಲ್ಲೇ ಕೂತಿರುತ್ತವಂತೆ,
ಜರುಗಿದ್ದು ಕಲ್ಲು.

"ಕಣ್ಣು ನೋಯ್ತಾವೆ ಸಣ್ಣಮ್ಮ, ನೀನೇ ನೋಡು."

ಬೂದು ಬಟ್ಟೆಗೆ ಸಜ್ಜೆ ಚೆಲ್ಲಿದ ಹಾಗಿತ್ತು.
ಮೂರನೇ ಸಲಕ್ಕೆ, ಕೆಳಗೆ ಎಡಮೂಲೆಯಲ್ಲಿ,
ಒಂದು ಹೊಲಿಗೆ ಜಾರಿತು.
ಬೆರಳಿಟ್ಟೆ. "ಇಲ್ಲಿ ತಪ್ಪೈತೆ."

ಹೆಸರಿಲ್ಲ, ನಂಬರು ಕೊಟ್ಟರು ಅದಕ್ಕೆ,
ನಮ್ಮ ಬಂಡಲಿಗೆ ಕೊಡುವ ಹಾಗೆ.
ಬುಧನ ಹತ್ತಿರ ಹೋಗಿ ಬೆಂದು
ಶುಕ್ರನ ಬಾಗಿಲು ಹಾದು
ನಮ್ಮ ಓಣಿಗೂ ಬಂದು ಹೋಗುತ್ತದಂತೆ.
ಗಾತ್ರ? ಕೋಟೆ ಗುಡ್ಡದ ಒಂದು ಬಂಡೆ, ಎಂದರು ಮೇಷ್ಟ್ರು,
ಒಳಗೆ ಕಬ್ಬಿಣ ಇದ್ದರೂ ಇದ್ದೀತು.
ಸಂಡೂರಿನ ಲಾರಿಯವರಿಗೆ ಹೇಳಬೇಡಿ ಅಂದೆ.
ಅವರು ನಗಲಿಲ್ಲ.

ಮೊದಲ ವಾರ: ತಾಗುವ ಸಂಭವ ಲಕ್ಷಕ್ಕೊಂದು.
ಎರಡನೇ ವಾರ: ಒಂಬತ್ತು ಸಾವಿರಕ್ಕೊಂದು.
ಹೆಚ್ಚುವುದು ಸಹಜವಂತೆ.
ಅಳತೆ ಬಿಗಿಯಾದಷ್ಟೂ ದಾರಿಯ ಅಗಲ ಕಿರಿದು,
ಭೂಮಿ ಮಾತ್ರ ಇನ್ನೂ ಆ ಪಟ್ಟಿಯೊಳಗೇ.
ತಾಯಮ್ಮ ಹಾಳೆಯ ಮೇಲೆ ಗೀಚಿ ತೋರಿಸಿದಳು.
ಅರ್ಥವಾಯಿತು, ಸಮಾಧಾನ ಆಗಲಿಲ್ಲ.
ಲಕ್ಷದಲ್ಲಿ ಒಂದು ಪ್ಯಾಂಟು ವಾಪಸು ಬಂದರೂ
ಸಾವ್ಕಾರರು ಕರೆಯುವುದು ನನ್ನನ್ನೇ.

ಆ ರಾತ್ರಿ ಮಾಳಿಗೆ ಹತ್ತಿದೆ.
ತೋರಣಗಲ್ಲಿನ ಕಡೆ ಕುಲುಮೆಯ ಕೆಂಪು,
ಅದು ಬಿಟ್ಟುಕೊಟ್ಟಷ್ಟು ಆಕಾಶ.
ಕಾಣುವುದಿಲ್ಲವೆಂದು ಗೊತ್ತಿತ್ತು.
ಆದರೂ ಒಂದೊಂದೇ ಮಗ್ಗುಲು
ತಿರುವಿ ತಿರುವಿ ನೋಡಿದೆ.
ಕೆಳಗೆ ಯಾರದೋ ಮನೆಯಲ್ಲಿ
ಒಗ್ಗರಣೆ ಸಿಡಿಯುತ್ತಿತ್ತು.
ಈ ವಾಸನೆಗೆ ಯಾರು ನಂಬರು ಕೊಟ್ಟಿದ್ದಾರೆ?

ನಿನ್ನೆ ಇಸ್ತ್ರಿಯ ಹಬೆಯ ನಡುವೆ ಫೋನು.
"ತಪ್ಪಿತು, ಸಣ್ಣಮ್ಮ."
ತಪ್ಪಿತು ಅಂದರೆ ಇಷ್ಟು ವರ್ಷ ನಮಗೆ ಕೂಲಿ ಕಡಿತ.
ಮಷೀನುಗಳ ಸದ್ದಿನಲ್ಲಿ
ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ.

"ಮತ್ತೆ ಶುಕ್ರನಿಗೆ?"
"ಅದರ ಲೆಕ್ಕ ಇನ್ನೂ ಮುಗಿದಿಲ್ಲ."

ಮುಂದಿನ ಪ್ಯಾಂಟು ಎಳೆದುಕೊಂಡೆ.
ಜೇಬಿನ ಬಳಿ ಒಂದು ನೂಲು ಹಾರಿತ್ತು.
ಸುತ್ತು ಹಾಕಿದರೆ ಗೀರು ಮೂಡಲಿಲ್ಲ;
ಕೈಬೆವರಿಗೆ ಸುಣ್ಣ ನೆಂದಿತ್ತು.