ಬಲರೆಕ್ಕೆಯ ರಿಪೇರಿ

ಮೊಂತಿ ಹಬ್ಬಕ್ಕೆ ಒಂಬತ್ತು ದಿನ.
ಹದಿನಾರು ಫ್ರಾಕು ಬಾಕಿ ಉಂಟು ಅಂಗಡಿಯಲ್ಲಿ.
ಆಗ ಲಾರಿ ನಿಂತಿತು. ಮೇಲೆ
ಹಗ್ಗ ಬಿಗಿದು ಮಲಗಿಸಿದ ರೆಕ್ಕೆ,
ಆಸ್ಪತ್ರೆಗೆ ತಂದ ಉದ್ದನೆಯ ಮನುಷ್ಯನ ಹಾಗೆ.

‘ಜೊಕಿಂ ಪೊರ್ಬುಗಳೇ, ಸ್ವಲ್ಪ ಅರ್ಜೆಂಟು’ ಅಂದ ಪುತ್ತುಮೋನು.
ಸ್ವಲ್ಪ ಎಂದರೆ ಮೂರೂವರೆ ಮೊಳ.
ತುದಿಯಿಂದ ಹರಿದು, ಒಳಗೆ
ಮುರಿದ ಎರಡು ಪಕ್ಕೆಲುಬು, ಮುಳಿಹುಲ್ಲು,
ಮುರಕಲ್ಲಿನ ಕೆಂಪು ಪುಡಿ,
ಒಂದು ಮಿಡತೆ, ಜೀವಂತ.

ಈ ವರ್ಷ ಇದು ಮೂರನೆಯದು.
ಮೊದಲನೆಯವನು ದನ ಅಡ್ಡ ಬಂತು ಎಂದ.
ಎರಡನೆಯವನು ಹುಲ್ಲು ಒದ್ದೆ ಎಂದ.
ಹುಲ್ಲು ಒದ್ದೆಯಾಗದೆ
ಬಜ್ಪೆಯ ಪದವಿಗೆ ಸೋಣ ಬರುವುದುಂಟೇ?
ಬಾಳಿಗರ ಹುಡುಗ ವಾಮನ ಗಾಳಿ ಎಂದ.
ತುಟಿಯಲ್ಲಿ ಎರಡು ಹೊಲಿಗೆ ಇತ್ತು. ಅದು ನನ್ನದಲ್ಲ.

ಇರಬಹುದು. ಮಧ್ಯಾಹ್ನದ ಮೇಲೆ ಪಡುಗಾಳಿ
ಹೊಳೆಯ ಗುಂಟ ಹತ್ತಿ ಬರುತ್ತದೆ.
ಬಾಲದ ಚಕ್ರ ಎಷ್ಟಿದೆ ಅಂತ, ಅಂಗೈಯಷ್ಟು.
ಗಾಳಿ ಬಾಲವನ್ನು ನೂಕಿದರೆ ಮೂಗು ಕಡಲಿಗೆ ತಿರುಗುತ್ತದೆ,
ತನ್ನ ಬಾಲ ಹಿಡಿಯಹೊರಟ ನಾಯಿಯಂತೆ
ಇಡೀ ವಿಮಾನ ಒಂದು ಸುತ್ತು. ಬಲರೆಕ್ಕೆ ನೆಲಕ್ಕೆ.

ಆದರೆ ನಾನು ಬಟ್ಟೆ ಓದಬಲ್ಲೆ.
ಬಡಿದು ಹರಿದದ್ದಾದರೆ ಅಂಚು ಮೊಂಡು.
ಇದು ಹಾಗಲ್ಲ, ಮೆಲ್ಲಗೆ,
ಸೆರಗು ಮುಳ್ಳಿಗೆ ಸಿಕ್ಕಿದ್ದು ಗೊತ್ತಿಲ್ಲದೆ ನಡೆದವರ ಹಾಗೆ
ಎಳೆದುಕೊಂಡು ಹೋದದ್ದು.
ಅಂದರೆ ಇಳಿದಾಗಿತ್ತು. ಚೆನ್ನಾಗಿಯೇ ಇಳಿದಿದ್ದ.
ಮೂರೂ ಚಕ್ರ ಒಟ್ಟಿಗೆ ಹುಲ್ಲು ಮುಟ್ಟಿರಬೇಕು,
ಶೆಡ್ಡಿನವರು ನೋಡಿದರೋ ಎಂದು
ಕತ್ತು ಹೊರಳಿಸಿರಬೇಕು.
ಅಷ್ಟರಲ್ಲಿ ಬಲಗಾಲು ಮನೆಗೆ ಹೋಗಿತ್ತು.

ನಲವತ್ತು ವರ್ಷ ಪೆಡಲಿನ ಮೇಲೆ ಕಾಲಿಟ್ಟವನು.
ನನ್ನ ಬೆರಳಿಗೆ ಸೂಜಿ ಹೊಕ್ಕದ್ದು ಒಂದೇ ಸಲ:
ಮದುವೆ ಕೋಟಿನ ಕೊನೆಯ ಹೊಲಿಗೆ ಮುಗಿಸಿ
ಹೊರಗೆ ಬ್ಯಾಂಡು ಕೇಳಿ ತಲೆ ಎತ್ತಿದಾಗ.

ಜೇನುಮೇಣ ತಿಕ್ಕಿದ ದಾರ,
ಎರಡು ಬೆರಳಿಗೊಂದು ಗಂಟು,
ಮೇಲೆ ಬಾಳೆಹಣ್ಣಿನ ವಾಸನೆಯ ಬಣ್ಣ.
ಫ್ರಾಕುಗಳಿಗೂ ಅದೇ ವಾಸನೆ ಹತ್ತಿತು.
ತಾಯಂದಿರು ಮೂಸಿ ನೋಡಿದರು,
ಹೂವಿನ ಬುಟ್ಟಿ ಹಿಡಿದ ಮಕ್ಕಳು ನಕ್ಕರು.

ವಾಮನ ಬಂದಿದ್ದ ಒಂದು ಸಂಜೆ.
ಬಾಗಿಲಲ್ಲೇ ನಿಂತ, ರೆಕ್ಕೆಯ ಕಡೆ ನೋಡಲಿಲ್ಲ.
ಬೂಟು ಬಿಚ್ಚು, ಕೂತುಕೋ ಎಂದೆ.
ಚಿಂದಿಯ ಮೇಲೆ ನೇರ ಗೆರೆ ಹೊಲಿದ, ನಾಲಗೆ ಕಚ್ಚಿಕೊಂಡು.
ಮುಗಿಯಿತು ಎಂದ.
ಕಾಲು ತೆಗೆಯಬೇಡ ಎಂದೆ,
ಚಕ್ರ ಇನ್ನೂ ತಿರುಗುತ್ತಾ ಉಂಟು.