ಅಳತೆ ಪುಸ್ತಕ

ಸಲಾಲದ ಹಾಫಾ ಪೇಟೆ. ಧೂಪದಂಗಡಿಗಳ ಸಾಲು ಮುಗಿದಲ್ಲಿ
ಒಂದೂವರೆ ಬಾಗಿಲಿನ ನಮ್ಮ ಟೈಲರ್ ಅಂಗಡಿ.
ಮೇಸ್ತ್ರಿ ಇದಿನಬ್ಬ, ಉಪ್ಪಿನಂಗಡಿ ಕಡೆಯವರು,
ಕತ್ತರಿ ಹಿಡಿದರೆ ಮಾತು ಕೆಳಗಿಡುವವರು.
ನಾನು ಮೂಲ್ಕಿಯ ವಾಮನ. ಕಾಜ, ಗುಂಡಿ, ಬಿಲ್ಲೆ.

ಆ ವರ್ಷ ಗಡಿಯಾಚೆ ಒಂದು ದೇಶ ಎರಡು ಹೋಳಾಗಿ
ತನ್ನ ಮೇಲೆ ತಾನೇ ಬೀಳಲು ತಯಾರಾಗುತ್ತಿತ್ತು.
ರೇಡಿಯೋಕ್ಕೆ ಅದು ಸುದ್ದಿ.
ನಮಗೆ ಆರ್ಡರು.

ಮೊದಲು ಬಂದವನು ಮುಕ್ಬಿಲ್, ಬೆಟ್ಟದ ಪಕ್ಷ.
ಸಿಗರೇಟು ರಟ್ಟಿನ ಮೇಲೆ ಪೆನ್ಸಿಲಿನಲ್ಲಿ
ಇಡೀ ಸೈನ್ಯವನ್ನು ಗೀಚಿ ತಂದಿದ್ದ:
ಬಲಕ್ಕೆ ಎರಡು ದಳ, ಎಡಕ್ಕೆ ಎರಡು,
ನಡುವೆ ಟ್ಯಾಂಕಿನವರು,
ಹಿಂದೆ, ಕೊನೆಗಳಿಗೆಗೆಂದು ಕಾದಿಟ್ಟದ್ದು ಒಂದು.
ಆ ಒಂದಕ್ಕೆ ಗಿಡುಗನ ಬಿಲ್ಲೆ.
ಮೇಸ್ತ್ರಿ ಬರೆದುಕೊಂಡರು:
ಗಿಡುಗ ಮುನ್ನೂರ ಎಂಬತ್ತು, ಕೆಂಪು ದಾರ,
ಅರ್ಧ ಮುಂಗಡ.

ಎರಡು ದಿನ ಬಿಟ್ಟು ಬಾಸುರ್ರಾ, ಕಡಲ ಪಕ್ಷ.
ಅವನಿಗೆ ರಟ್ಟು ಬೇಡ, ಎಲ್ಲ ಬಾಯಿಪಾಠ.
ಬಲಕ್ಕೆ ಎರಡು, ಎಡಕ್ಕೆ ಎರಡು, ಹಿಂದೆ ಒಂದು.
ಒಂದೇ ಮಿಲಿಟರಿ ಶಾಲೆಯಲ್ಲಿ
ಒಂದೇ ಬೆಂಚಿನವರಂತೆ ಇಬ್ಬರೂ;
ನಮಗೆ ತಿಳಿದದ್ದು ಆಮೇಲೆ.
ಬಿಲ್ಲೆ ಮಾತ್ರ ಲಂಗರು.
ಕೆಂಪು ದಾರ ಅದೇ ಉಂಡೆಯದು.

ರೇಡಿಯೋ ಏನು ಬೇಕಾದರೂ ಹೇಳಲಿ,
ಸೈನ್ಯದ ಗುಟ್ಟು ಅಳತೆ ಪುಸ್ತಕದಲ್ಲಿತ್ತು.
ಕಡಲಿನವರಿಗೆ ಭುಜದ ನಕ್ಷತ್ರ ರಾಶಿ, ತೋಳಿನ ಪಟ್ಟೆ ಕಡಿಮೆ:
ಹೇಳುವವರೇ ಎಲ್ಲ, ಕೇಳುವವರಿಲ್ಲ,
ಪಾಲಾಗದ ಗುತ್ತಿನ ಮನೆಯ ಹಾಗೆ.
ಬೆಟ್ಟದವರಲ್ಲಿ ನಕ್ಷತ್ರ ಬೆರಳೆಣಿಕೆ.
ಆದರೆ ಗಿಡುಗನ ದಳದ ಅಂಗಿಗಳ ಪುಟಕ್ಕೆ ಬಂದಾಗ
ಇದಿನಬ್ಬರ ಪೆನ್ನು ನಿಂತಿತು.

“ಕತ್ತು ಹನ್ನೆರಡೂವರೆ ಇಂಚು?
ಇದು ಯಾರದ್ದು?”

ಮುಕ್ಬಿಲ್ ಚಹಾದ ತಳದ ಸಕ್ಕರೆ ಕಲಕಿದ.
“ಅವರನ್ನು ಮುಂದೆ ಕಳಿಸುವುದಿಲ್ಲ” ಎಂದ.
“ಹಿಂದೆಯೇ ಇರುತ್ತಾರೆ.”

ಮೇಸ್ತ್ರಿ ಕತ್ತರಿ ಹಿಡಿದರು.
ತೋಳಿನ ತುದಿಗೆ, ಪ್ಯಾಂಟಿನ ಕಾಲಿಗೆ
ಎರಡೆರಡು ಇಂಚು ಒಳಗೆ ಮಡಿಸಿ ಹೊಲಿದರು,
ಜೂನ್ ತಿಂಗಳ ಶಾಲೆ ಯೂನಿಫಾರಮ್ಮಿಗೆ ಬಿಡುವ ಹಾಗೆ.
ಕೇಳಿದರೆ, “ಬೆಳೆಯುತ್ತಾರಲ್ಲ ಮಾರಾಯ” ಎಂದರು,
ಬಟ್ಟೆಯಿಂದ ಕಣ್ಣೆತ್ತದೆ.

ಬಿಲ್ಲೆಗಳು ಎರಡು ಬಿಸ್ಕತ್ತು ಡಬ್ಬಿಗಳಲ್ಲಿದ್ದವು.
ಕೊನೆಯ ರಾತ್ರಿ ನನ್ನ ಮೊಣಕೈ ತಾಗಿ
ಗಿಡುಗ ಲಂಗರು ಎಲ್ಲ ನೆಲದಲ್ಲಿ.
ಕರೆಂಟಿಲ್ಲ. ಮೇಣದ ಬತ್ತಿ. ಬೆರಳಿನಲ್ಲಿ ಮುಟ್ಟಿ ಮುಟ್ಟಿ
ರೆಕ್ಕೆ ಇದ್ದದ್ದು ಇಲ್ಲಿ, ಕೊಕ್ಕೆ ಇದ್ದದ್ದು ಅಲ್ಲಿ,
ಸುಬಹಿನ ಬಾಂಗು ಕೇಳುವವರೆಗೆ ಎರಡು ಸೈನ್ಯ ಬೇರೆ ಮಾಡಿದೆ.
ಬೆಳಿಗ್ಗೆ ಬಾಸುರ್ರಾ ಎಣಿಸಿದ: ಒಂದು ಕಮ್ಮಿ.
ಬೈದ. ಹೊಸತೊಂದು ಹೊಲಿದು ಕೊಟ್ಟೆ.
ಮುಕ್ಬಿಲ್ ಎಣಿಸದೆ ಒಯ್ದಿದ್ದ.

ಆಮೇಲೆ ಖರೀಫಿನ ಮಂಜು ಇಳಿಯಿತು,
ಗುಡ್ಡ ಹಸಿರಾಯಿತು, ಒಂಟೆಗಳು ರಸ್ತೆಗೆ ಬಂದವು.
ಯುದ್ಧ ಯಾವ ವಾರ ನಡೆಯಿತೋ,
ನಾವು ಈದಿನ ಕಂದೂರಾಗಳಲ್ಲಿ ಮುಳುಗಿದ್ದೆವು.

ಮಂಜು ಹರಿದ ಮೇಲೆ ಮುಕ್ಬಿಲ್ ಮತ್ತೆ ಬಂದ.
ಅದೇ ಜಾತಿಯ ರಟ್ಟು, ಹೊಸ ಗೆರೆ:
ಬಲಕ್ಕೆ ಒಂದು. ಎಡಕ್ಕೆ ಒಂದೂವರೆ ಎನ್ನಬಹುದು.
ಹಿಂದೆ, ಬರೀ ರಟ್ಟು.
“ಗಿಡುಗ?” ಕೇಳಿದರು ಮೇಸ್ತ್ರಿ.
“ಬೇಡ.”
ಬಾಕಿ ಹಣ ಎಣಿಸಿಟ್ಟ, ಹೆಚ್ಚೇ ಇಟ್ಟ.
ಮಡಿಕೆ ಬಿಚ್ಚಿಸಿಕೊಳ್ಳಲು ಯಾರೂ ಬರಲಿಲ್ಲ ನಮ್ಮಲ್ಲಿಗೆ.

ಈಗ ನನ್ನ ಕಣ್ಣು ಮಂಜು, ಸೂಜಿಗೆ ದಾರ ಪೋಣಿಸಲು
ಹುಡುಗನೊಬ್ಬ ಬೇಕು. ಆದರೂ ಒಂದೊಂದು ರಾತ್ರಿ
ಆ ಒಂದು ಲಂಗರು ಎಣಿಕೆಗೆ ಸಿಗುತ್ತದೆ:
ಗಿಡುಗಗಳ ನಡುವೆ, ಯಾವನದ್ದೋ ಸಣ್ಣ ತೋಳಿನ ಮೇಲೆ,
ನಾನೇ ಹೊಲಿದದ್ದು, ಗಟ್ಟಿಯಾಗಿ,
ಎಳೆದರೂ ಬಾರದ ಹಾಗೆ.
ಅದನ್ನು ಮೊದಲು ಕಂಡವರು
ಯಾವ ಕಡೆಯವರೋ.