ಹದಿಮೂರೂಮುಕ್ಕಾಲು ಅಡಿ

ಬ್ಲೇಡು ನನ್ನ ಕೈಯಲ್ಲಿತ್ತು, ಮೊದಲೇ ಹೇಳಿಬಿಡುತ್ತೇನೆ.
ಉಳಿದದ್ದು ಅವರ ಪುಣ್ಯ,
ಉದುರಿದ್ದು ನನ್ನ ಲೆಕ್ಕಕ್ಕೆ.

ಮ್ಯಾನ್‌ಹಟನ್ನಿನ ಲಡ್ಲೋ ಬೀದಿ, ಎಂಬತ್ಮೂರರ ಫೆಬ್ರವರಿ, ನೆಲಮಾಳಿಗೆ.
ಮೇಲೆ ಮಿಸೆಸ್ ಜೆಲ್ಕೊಳ ಉಪ್ಪಿನಕಾಯಿ ಪೀಪಾಯಿಗಳು;
ಸೌತೆಯ ಹುಳಿನೀರು ಹಲಗೆಸಂದಿಯಿಂದ ತೊಟ್ಟಿಕ್ಕಿ
ಮೈಕಿನ ತಂತಿಗೆಲ್ಲ ಸಬ್ಬಸಿಗೆ ವಾಸನೆ.

ಲೆವ್ ಟಾರ್ನೋಪೊಲ್ ಸ್ಯಾಕ್ಸೊಫೋನಿನ ಬಾಯಿಗೆ ಕಾಲುಚೀಲ ತುರುಕಿ
ಅಜ್ಜನ ಕಾಲದ ಮದುವೆಕುಣಿತವೊಂದನ್ನು ಕೆಮ್ಮಿಸುತ್ತಿದ್ದ.
ಓಡೆಲ್ ಕ್ವಾರ್ಲ್ಸ್, ಭಾನುವಾರ ಹಾರ್ಲೆಮ್ಮಿನ ಚರ್ಚಿನಲ್ಲಿ
ದೇವರನ್ನೇ ಎಬ್ಬಿಸಿ ಕುಣಿಸಿದವನು,
ಸೋಮವಾರ ಅದೇ ಕೈಯಲ್ಲಿ ಕಸದಡಬ್ಬಿಯ ಮುಚ್ಚಳ ಬಡಿಯುತ್ತಿದ್ದ.
ಇರೈದಾ ಮಾತೋಸ್ ಬ್ರಾಂಕ್ಸಿನಿಂದ ಅಕಾರ್ಡಿಯನ್ನನ್ನು
ಕಂಕುಳ ಕೂಸಿನಂತೆ, ಎರಡು ರೈಲು ಬದಲಿಸಿ, ತಂದಳು.
ಬೇಸ್ ನುಡಿಸುವ ಹುಡುಗ ಡರ್ಕ್‌ಗೆ ಗೊತ್ತಿದ್ದದ್ದು ಮೂರೇ ಸ್ವರ,
ಮೂರಕ್ಕೂ ಸಿಟ್ಟು.
ಗೋಡೆಯೊಳಗಿನ ಹಬೆಕೊಳವೆ ಇದ್ದಕ್ಕಿದ್ದಂತೆ ಠಣ್ ಠಣಠಣ್ ಅಂದಿತು.
ನಾನು ಟೇಪು ನಿಲ್ಲಿಸಹೋದೆ. ಓಡೆಲ್ ತಡೆದ:
‘ಇರು. ಐದನೆಯವನು ಬಂದ.’

ಎತ್ತು ಏರಿಗೆ, ಕೋಣ ನೀರಿಗೆ.
ಎಲ್ಲರೂ ಒಟ್ಟಿಗೆ ಮಲಗಬೇಕಾದ ಹಾಸಿಗೆಯೋ
ಕಾಲಿಂಚು ಅಗಲದ ಟೇಪು.

ಬರೆದ ಸ್ವರ ಒಂದೂ ಇರಲಿಲ್ಲ. ಸನ್ನೆ ಮಾತ್ರ.
ಲೆವ್ ಅಂಗೈ ತೋರಿದರೆ ಪಂಕ್,
ಟೋಪಿ ತೆಗೆದರೆ ಸರ್ಕಸ್ಸಿನ ವಾಲ್ಟ್ಜ್,
ಕಿವಿ ಹಿಡಿದರೆ ಮೆರೆಂಗೆ, ಬಿಟ್ಟರೆ ಬಿದ್ದಲ್ಲೇ ಬ್ಲೂಸ್,
ಕನ್ನಡಕ ಒರೆಸಿದರೆ ಹೆಣದ ಹಿಂದಿನ ನಡಿಗೆ.

ಬುಧವಾರ ಕನ್ನಡಕ ನಿಜಕ್ಕೂ ಮಸುಕಾಯಿತು,
ಪಾಪ, ಅಂಗಿಯ ತುದಿಯಿಂದ ಒರೆಸಿಕೊಂಡ.
ಮೆರೆಂಗೆ ಅರ್ಧ ಸುತ್ತು ತಿರುಗಿ ಅಲ್ಲೇ ನಿಂತಿತು,
ಓಡೆಲ್ ಕೋಲು ಬಿಟ್ಟು ಬೆರಳಿಗೆ ಬಂದ,
ಡರ್ಕ್‌ನ ಮೂರು ಸ್ವರಗಳೂ ಟೋಪಿ ಕಳಚಿದವು.
ಯಾರ ಹೆಣವೆಂದು ಯಾರಿಗೂ ತಿಳಿಯದೆ
ನಾಲ್ಕು ನಿಮಿಷ ಹೊತ್ತೆವು.
ತಪ್ಪಾಯಿತೆಂದು ಹೇಳಲು ಲೆವ್‌ಗೆ ಬಾಯಿ ಬರಲಿಲ್ಲ,
ಬಾಯೊಳಗೆ ಸ್ಯಾಕ್ಸೊಫೋನಿತ್ತು.

ಎಲ್ಲರೂ ನಿಂತ ಮೇಲೂ ಇರೈದಾ ನಿಲ್ಲಲಿಲ್ಲ.
ಕಣ್ಣು ಮುಚ್ಚಿ, ಯಾವುದೋ ಅಡುಗೆಮನೆಯ ಹಾಡು,
ಸಣ್ಣದು, ನೇರವಾದ್ದು, ಯಾವುದಕ್ಕೂ ಡಿಕ್ಕಿ ಹೊಡೆಯದ್ದು.
ಹನ್ನೊಂದು ಸೆಕೆಂಡು.
ಗಾಳಿಚೀಲ ಮಡಚುವಾಗ ಒಂದು ನಿಟ್ಟುಸಿರು.

ಆ ರಾತ್ರಿ ಒಬ್ಬನೇ ಕೂತು ಕತ್ತರಿಸಿದೆ.
ತೀರಾ ಚೆನ್ನಾಗಿತ್ತು, ಅದಕ್ಕೇ.
ಈ ಕಲಸುಮೇಲೋಗರದಲ್ಲಿ ಅದೊಂದೇ ತುತ್ತು
ಬಾಯಿಗೆ ಸಿಹಿಯಾಗಿ ಹತ್ತೀತೆಂದು, ಉಳಿದದ್ದನ್ನೆಲ್ಲ
ಜನ ಅದಕ್ಕಾಗಿ ಕ್ಷಮಿಸಿಯಾರೆಂದು ಹೆದರಿದೆ.
ನಮಗೆ ಆಗ ಕ್ಷಮೆ ಬೇಕಿರಲಿಲ್ಲ.

ನಾನೂರು ಪ್ರತಿ ಅಚ್ಚಾಯಿತು. ನೂರಿಪ್ಪತ್ತು ಖರ್ಚಾಯಿತು.
ಐದು ರೇಡಿಯೊ ಒಟ್ಟಿಗೆ ಮೆಟ್ಟಿಲಿಂದ ಉರುಳಿದಂತಿದೆ
ಎಂದೊಬ್ಬ ಬರೆದ; ಲೆವ್ ಅದನ್ನು ಕತ್ತರಿಸಿ ಕನ್ನಡಿಗಂಟಿಸಿದ.
ಮಿಕ್ಕ ಡಿಸ್ಕುಗಳನ್ನು ಮಿಸೆಸ್ ಜೆಲ್ಕೊ
ಪೀಪಾಯಿಗೆ ಮುಚ್ಚಳ ಮಾಡಿಕೊಂಡಳು.
ಅಳತೆ ಸರಿಹೋಗಿರಲಿಲ್ಲ, ಮೇಲೊಂದು ಇಟ್ಟಿಗೆ ಇಡುತ್ತಿದ್ದಳು.

ಎಷ್ಟೋ ವರ್ಷದ ಮೇಲೆ ಸಬ್‌ವೇಯಲ್ಲಿ ಇರೈದಾ ಸಿಕ್ಕಳು,
ಗೆಣ್ಣು ಊದಿದ ಬೆರಳಲ್ಲಿ ಕಂಬಿ ಹಿಡಿದು ನಿಂತಿದ್ದಳು.
‘ಆ ಬುಧವಾರ ಕೊನೆಗೆ ನಾನೇನೋ ನುಡಿಸಿದ್ದೆನಲ್ಲ?’
ಯಂತ್ರ ನುಂಗಿತು ಎಂದೆ.
‘ಯಂತ್ರಕ್ಕೂ ಹಸಿವಿರುತ್ತೆ’ ಎಂದು ನಕ್ಕು
ನೂರಾ ನಲವತ್ತೊಂಬತ್ತಕ್ಕೆ ಇಳಿದಳು.

ಸೆಕೆಂಡಿಗೆ ಹದಿನೈದು ಇಂಚು, ಹನ್ನೊಂದು ಸೆಕೆಂಡು.
ಸಿಗರೇಟಿನ ಡಬ್ಬಿಯಲ್ಲಿ ಸುರುಳಿ ಸುತ್ತಿಟ್ಟಿದ್ದೇನೆ.
ಓಡಿಸುವ ಯಂತ್ರ ಮಾರಿಯಾಯಿತು.
ಒಮ್ಮೊಮ್ಮೆ ಬಿಚ್ಚಿ, ಬಾಗಿಲಿಂದ ಕಿಟಕಿಯವರೆಗೆ ಹಿಡಿದು ನೋಡುತ್ತೇನೆ:
ಕೋಣೆ ಸಾಲುವುದಿಲ್ಲ,
ತುದಿಯನ್ನು ಕೈಗೇ ಸುತ್ತಿಕೊಳ್ಳಬೇಕು.